ಪರವಾಗಿಲ್ಲ ಅಂದರೆ ಬೇಕು ಅಂತಲೋ, ಬೇಡ ಅಂತಲೋ

ಈ ಸಭೆಯ ಅಧ್ಯಕ್ಷರೇ, ಮುಖ್ಯ ಅತಿಥಿಗಳಾಗಿ ಬಂದು ಇಷ್ಟು ಹೊತ್ತು ಆಕಳಿಕೆ ತಡೆದುಕೊಂಡು ಕೂತಿರುವ ಹಿರಿಯರೇ, ಇವತ್ತು ಸನ್ಮಾನ ಮಾಡಿಸಿಕೊಳ್ಳುತ್ತಿರುವ ನಮ್ಮ ಮ್ಯಾನೇಜರ್ ಮೇಡಂ ಅವರೇ, ಡಾಕ್ಟರೇ, ಎದುರಿಗೆ ಕೂತಿರುವ ನನ್ನ ಜೊತೆಯ ಮುದುಕ ಮುದುಕಿಯರೇ, ವರ್ಷಕ್ಕೊಂದು ಸಲ ಅವರ ಮುಖ ನೋಡಲು ಬಂದಿರುವ ಮಕ್ಕಳೇ, ಸೊಸೆಯರೇ, ಅಳಿಯಂದಿರೇ, ಒಟ್ಟಿನಲ್ಲಿ ಸಭಿಕರೇ.

ಯಾಕೆ ನಗುತ್ತಿದ್ದೀರಿ? ಅಧ್ಯಕ್ಷರು ಆ ಕಡೆ ಕೂತಿದ್ದಾರಾ? ಹಾಗಾದರೆ ನಾನು ಇಷ್ಟು ಹೊತ್ತು ಕೈಮುಗಿದದ್ದು ಬಿಳಿ ಬಟ್ಟೆ ಹೊದಿಸಿದ ಖಾಲಿ ಕುರ್ಚಿಗೆ. ಇರಲಿ. ದೀಪ ನೇರ ಮುಖಕ್ಕೆ ಬಿಟ್ಟರೆ ಯಾರಿಗೆ ತಾನೇ ಕಾಣುತ್ತದೆ? ಕುರ್ಚಿಗೆ ಸಂದ ಮರ್ಯಾದೆಯನ್ನು ಅಧ್ಯಕ್ಷರು ತಾವೇ ತೆಗೆದುಕೊಳ್ಳಬೇಕು.

ನನಗೆ ಆಫೀಸಿನಿಂದ ಒಂದು ಹಾಳೆ ಬರೆದುಕೊಟ್ಟಿದ್ದಾರೆ. ಮೇಡಂ ಬಗ್ಗೆ ಒಳ್ಳೆಯ ಮಾತು, ಈ ವೃದ್ಧಾಶ್ರಮದ ಬಗ್ಗೆ ಇನ್ನೂ ಒಳ್ಳೆಯ ಮಾತು. ಕನ್ನಡಕ ರೂಮಿನಲ್ಲಿ ಬಿಟ್ಟು ಬಂದಿದ್ದೇನೆ, ಆದ್ದರಿಂದ ಹಾಳೆ ಮಡಚಿಕೊಂಡೇ ಇರಲಿ. ನಾನು ಬಾಯಿಗೆ ಬಂದದ್ದನ್ನು ಹೇಳುವವಳು. ಅದು ಗೊತ್ತಿದ್ದೂ ನನ್ನ ಕೈಗೆ ಮೈಕು ಕೊಟ್ಟಿದ್ದಾರಲ್ಲ, ಅದೇ ನನಗೆ ಅನುಮಾನ. ಬೇರೆ ಯಾರೂ ಒಪ್ಪಲಿಲ್ಲವೋ, ಅಥವಾ ಎದುರಿಗಿರುವವರಿಗೆಲ್ಲ ಕಿವಿ ಮಂದ ಎಂಬ ಧೈರ್ಯವೋ?

ಅನುಮಾನ ನನ್ನ ಕಸುಬು. ನಾಲ್ಕಕ್ಷರ ಕಲಿಯುವ ಹೊತ್ತಿಗೆ ಸ್ಕೂಲು ಬಿಡಿಸಿದರು. ಆಮೇಲೆ ನೂಲಿನ ಗಿರಣಿಗೆ ಸೇರಿದೆ. ಮಿಷನ್ ಹತ್ತಿರ ಅಲ್ಲ, ಗೇಟಿನ ಹತ್ತಿರ. ಪಾಳಿ ಬಿಟ್ಟಾಗ ಹೊರಗೆ ಹೋಗುವ ಹೆಂಗಸರ ಮೈ ತಡವಿ ನೋಡುವುದು ನನ್ನ ಕೆಲಸ. ಸೊಂಟದಲ್ಲಿ ನೂಲಿನ ಉಂಡೆ ಇದೆಯಾ, ಊಟದ ಡಬ್ಬಿಯ ತಳದಲ್ಲಿ ನೂಲು ಸುತ್ತಿದ ಬಾಬಿನ್ ಇದೆಯಾ. ನಗುನಗುತ್ತಾ ಬರುವವಳನ್ನು ಎರಡು ಸಲ ತಡವಬೇಕು, ಅದು ನಮ್ಮ ಮೇಸ್ತ್ರಿ ಹೇಳಿಕೊಟ್ಟ ಪಾಠ. ನಿವೃತ್ತಿಯಾಗಿ ಬಹಳ ಕಾಲವಾಯಿತು, ಕೈ ಬಿಟ್ಟರೂ ಬುದ್ಧಿ ಬಿಟ್ಟಿಲ್ಲ. ಇವತ್ತು ಬೆಳಿಗ್ಗೆ ಊಟದ ಕೋಣೆಗೆ ಹೋದರೆ ಪ್ರತಿ ಮೇಜಿನ ಮೇಲೂ ಹಣ್ಣಿನ ಬುಟ್ಟಿ. ನಿನ್ನೆ ಇತ್ತಾ? ನಾಳೆ ಇರುತ್ತಾ? ನಾನು ಒಂದು ಸೇಬು ಎತ್ತಿ ಕಚ್ಚಿ ನೋಡಿದೆ. ಹಣ್ಣು ನಿಜವಾದದ್ದೇ. ಅದಕ್ಕೆ ಇನ್ನೂ ಅನುಮಾನ ಬಂತು.

ಮಕ್ಕಳೇ, ಸೊಸೆಯರೇ, ನೀವು ಈ ಜಾಗದ ಬಣ್ಣದ ಪುಸ್ತಕ ನೋಡಿಯೇ ನಿಮ್ಮವರನ್ನು ಇಲ್ಲಿ ತಂದು ಬಿಟ್ಟಿರುತ್ತೀರಿ. ಅದರ ಮುಖಪುಟದಲ್ಲಿ ಹಲ್ಲು ಬಿಟ್ಟುಕೊಂಡು ಕೂತ ಗಂಡ ಹೆಂಡತಿ ಯಾರು? ನಾನು ಇಲ್ಲಿಗೆ ಬಂದಾಗಿನಿಂದ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ. ಒಳಗಡೆ 'ಎಲ್ಲವೂ ಸೇರಿ' ಅಂತ ದಪ್ಪಕ್ಷರದಲ್ಲಿ ಹಾಕಿದ್ದಾರಂತೆ, ಓದಿ ಹೇಳಿದರು. ಎಲ್ಲವೂ ಅಂದರೆ ಏನೇನು? ಕೇಳಿದಿರಾ? ಕೇಳಿರುವುದಿಲ್ಲ. ನಾಚಿಕೆ ನಿಮಗೆ. ಅಪ್ಪನ ಸ್ನಾನಕ್ಕೆ ಎಷ್ಟು ಅಂತ ಬಾಯಿಬಿಟ್ಟು ಕೇಳುವುದು ಹೇಗೆ ಅಂತ ಸಂಕೋಚ. ನಾನು ಹೇಳುತ್ತೇನೆ ಕೇಳಿ. ರೂಮು, ಊಟ, ದೀಪ, ನೀರು ಸೇರಿದೆ. ಕೈ ಸೇರಿಲ್ಲ. ಇನ್ನೊಬ್ಬರ ಕೈ ನಿಮ್ಮ ಮೈಗೆ ತಾಗಿತೋ, ಅದಕ್ಕೆ ಬೇರೆ. ಬೆನ್ನು ಉಜ್ಜಿದರೆ ಬೇರೆ, ಗುಂಡಿ ಹಾಕಿದರೆ ಬೇರೆ, ಮಾತ್ರೆ ಎಣಿಸಿಕೊಟ್ಟರೆ ಬೇರೆ. ಅದಕ್ಕೆ ಇಲ್ಲಿ ನೆರವು ಅಂತ ಹೆಸರು. ನಮ್ಮ ಕಾಲದಲ್ಲಿ ನೆರವು ಅಂದರೆ ದುಡ್ಡು ತೆಗೆದುಕೊಳ್ಳದೆ ಮಾಡುವುದು ಅಂತಿತ್ತು.

ನೆರವಿಗೆ ಹಂತಗಳಿವೆ. ಮೊದಲನೇ ಹಂತದವರು ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರು. ಎರಡನೆಯವರಿಗೆ ಸ್ವಲ್ಪ ನೆರವು. ಮೂರನೆಯವರಿಗೆ ಪೂರ್ತಿ ನೆರವು, ಅವರನ್ನು ಮೇಲಿನ ಮಹಡಿಗೆ ಕಳಿಸುತ್ತಾರೆ. ಅಲ್ಲಿ ಮಂಚಕ್ಕೆ ಕಂಬಿ, ಬಾಗಿಲಿಗೆ ಹೊರಗಡೆಯಿಂದ ಚಿಲಕ, ಬಿಲ್ಲು ಇಲ್ಲಿಯದರ ಎರಡರಷ್ಟು. ಮೇಲೆ ಹೋದವರು ಕೆಳಗೆ ಇಳಿದು ಬಂದದ್ದನ್ನು ನಾನು ನೋಡಿಲ್ಲ. ಮೆಟ್ಟಿಲಿಂದ ಅಂತೂ ಇಲ್ಲ.

ಇದಕ್ಕೆಲ್ಲ ದುಡ್ಡು ಎಲ್ಲಿಂದ? ಪಿಂಚಣಿ ಊಟಕ್ಕೆ ಸಾಕು, ಕೈಗೆ ಸಾಲದು. ವಿಮೆಯವನನ್ನು ಕೇಳಿದೆ. ಬಿದ್ದು ಸೊಂಟ ಮುರಿದರೆ ಆಸ್ಪತ್ರೆ ಖರ್ಚು ಕೊಡುತ್ತಾನಂತೆ, ಬೀಳದ ಹಾಗೆ ಒಬ್ಬರು ಹಿಡಿದುಕೊಂಡರೆ ಅದಕ್ಕೆ ಕೊಡುವುದಿಲ್ಲವಂತೆ. ಮುರಿಯುವುದಕ್ಕೆ ದುಡ್ಡಿದೆ, ಹಿಡಿಯುವುದಕ್ಕೆ ಇಲ್ಲ. ಈ ಸಂಸ್ಥೆಯಲ್ಲಿ ಬಡವರಿಗೆ ಅಂತ ಒಂದು ನಿಧಿ ಇದೆ. ಅಧ್ಯಕ್ಷರೇ, ನಿಮ್ಮ ತಂದೆಯವರ ಹೆಸರಿನದು. ಅದು ಯಾರಿಗೆ ಸಿಗುತ್ತದೆ ಅಂತ ವಿಚಾರಿಸಿದೆ. ಎಲ್ಲಾ ದುಡ್ಡು ಖಾಲಿಯಾದ ಮೇಲೆ ಅರ್ಜಿ ಹಾಕಬೇಕಂತೆ. ಖಾಲಿಯಾದ ಮೇಲೆ ಅರ್ಜಿ ಮಂಜೂರಾಗುವ ತನಕ ಎಲ್ಲಿ ಮಲಗಬೇಕು ಅಂದೆ. ಅದಕ್ಕೆ ಆಫೀಸಿನವರು ನಕ್ಕರು. ನಗುನಗುತ್ತಾ ಬರುವವರ ಬಗ್ಗೆ ಆಗಲೇ ಹೇಳಿದೆನಲ್ಲ.

ನಮ್ಮದು ಮನೆ ಮಾರಿದ ದುಡ್ಡು. ನಮ್ಮದು ಅಂದರೆ ನನ್ನದು ಮತ್ತು ನನ್ನ ಓರಗಿತ್ತಿಯದು. ಅಲ್ಲಿ ಮೂರನೇ ಸಾಲಿನಲ್ಲಿ ಕೂತಿದ್ದಾಳೆ, ತಲೆ ತಗ್ಗಿಸಿರುತ್ತಾಳೆ, ನೋಡದೆಯೇ ಹೇಳಬಲ್ಲೆ. ಅಣ್ಣತಮ್ಮಂದಿರನ್ನು ಮದುವೆಯಾದವರು ನಾವು, ನಾನು ಅಣ್ಣನನ್ನು, ಅವಳು ತಮ್ಮನನ್ನು. ಇಬ್ಬರಿಗೂ ಮಕ್ಕಳಾಗಲಿಲ್ಲ. ಮೊದಲು ಅತ್ತೆಯ ಬೈಗುಳವೆಲ್ಲ ನನ್ನೊಬ್ಬಳಿಗೇ ಇತ್ತು, ಅವಳು ಬಂದ ಮೇಲೆ ಪಾಲಾಯಿತು. ಅವಳಿಂದ ನನಗಾದ ಮೊದಲ ಉಪಕಾರ ಅದು. ಒಂದೇ ಮನೆ, ನಡುವೆ ಗೋಡೆ, ಎರಡು ಒಲೆ. ಗೋಡೆಯ ಆ ಕಡೆ ಅವಳು ಏನು ಮಾಡುತ್ತಿದ್ದಾಳೆ ಅಂತ ನಾನು ಕಿವಿ ಕೊಡದ ದಿನವಿಲ್ಲ. ಗಂಡಂದಿರು ಹೋದರು, ಗೋಡೆ ಸಮೇತ ಮನೆ ಮಾರಿದೆವು, ಪಾಲು ಹಂಚಿಕೊಂಡೆವು, ಬಾಡಿಗೆ ಉಳಿಯಲಿ ಅಂತ ಇಲ್ಲಿ ಒಂದೇ ರೂಮು ಹಿಡಿದೆವು. ಬಾಡಿಗೆ ಉಳಿಯಲಿ ಅಂತ ಮಾತ್ರ. ಬೇರೆ ಏನೂ ಅಲ್ಲ.

ಅವಳ ಬಾಯಲ್ಲಿ ಒಂದು ಮಾತಿದೆ. ಪರವಾಗಿಲ್ಲ. ಅವಳೂ ಗಿರಣಿಗೆ ಸೇರಿದ್ದಳು, ನೂಲುವ ವಿಭಾಗಕ್ಕೆ. ದಿನವೂ ಸಂಜೆ ಸಾಲಿನಲ್ಲಿ ಬಂದು ನನ್ನೆದುರು ಕೈ ಮೇಲೆತ್ತಿ ನಿಲ್ಲುತ್ತಿದ್ದಳು. ಮನೆಯವಳು ಅಂತ ಬಿಟ್ಟರೆ ಉಳಿದವರು ಸುಮ್ಮನಿರುತ್ತಾರಾ? ಹಾಗಾಗಿ ಎಲ್ಲರಿಗಿಂತ ಗಟ್ಟಿಯಾಗಿ ಅವಳನ್ನೇ ತಡವುತ್ತಿದ್ದೆ. "ಪರವಾಗಿಲ್ಲ ಅಕ್ಕ" ಅನ್ನುತ್ತಿದ್ದಳು. ನೋಡು ಪರವಾಗಿಲ್ಲ ಅಂತಲೋ, ನೋಡಿದ್ದು ಸಾಕು ಬಿಡು ಅಂತಲೋ? ಇಷ್ಟು ವರ್ಷವಾದರೂ ನನಗೆ ತಿಳಿಯಲಿಲ್ಲ. ಊಟ ಹೇಗಿದೆ ಅಂದರೆ ಪರವಾಗಿಲ್ಲ. ಜ್ವರ ಹೇಗಿದೆ ಅಂದರೆ ಪರವಾಗಿಲ್ಲ. ಇನ್ನೊಂದು ತುತ್ತು ಹಾಕಲಾ ಅಂದರೂ ಅದೇ. ಹಾಕಿದರೂ ತಿನ್ನುತ್ತಾಳೆ, ಹಾಕದಿದ್ದರೂ ಏಳುತ್ತಾಳೆ. ಇಂಥವಳ ಜೊತೆ ಜಗಳವಾಡುವುದಾದರೂ ಹೇಗೆ ಹೇಳಿ?

ಈಗ ವಿಷಯಕ್ಕೆ ಬರುತ್ತೇನೆ. ಮೇಡಂ ಕೆಮ್ಮುತ್ತಿದ್ದಾರೆ, ಕೇಳಿಸಿತು. ಕೆಮ್ಮಲಿ, ನೀರು ಕೊಡಿ.

ನಾವಿಬ್ಬರೂ ಬಂದಾಗ ಮೊದಲನೇ ಹಂತ. ನಾನು ಇವತ್ತಿಗೂ ಮೊದಲನೇ ಹಂತವೇ, ಅದನ್ನು ಊಟದ ಕೋಣೆಯಲ್ಲಿ ಎಷ್ಟು ಸಲ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ. ಅವಳ ಬಿಲ್ಲು ಮಾತ್ರ ತಿಂಗಳಿಂದ ತಿಂಗಳಿಗೆ ಬೆಳೆಯತೊಡಗಿತು. ಮೊದಲು ಮಾತ್ರೆ ಕೊಡುವುದು ಅಂತ ಸೇರಿತು. ಆಮೇಲೆ ಕಣ್ಣಿಗೆ ಔಷಧಿ ಬಿಡುವುದು, ಬಟ್ಟೆ ಜೋಡಿಸಿಡುವುದು, ಸ್ನಾನದ ಮನೆಗೆ ಜೊತೆ ಹೋಗುವುದು, ಊಟದ ಕೋಣೆಗೆ ಕರೆದೊಯ್ಯುವುದು. ಇದು ಯಾರ ಬಿಲ್ಲು? ಕಿಟಕಿ ಒರೆಸಲು ಸ್ಟೂಲಿನ ಮೇಲೆ ಹತ್ತುವ ಹೆಂಗಸಿನದು! ಬೆರಳಿನ ಗೆಣ್ಣು ಸೊಟ್ಟಗಾಗಿವೆ ನಿಜ, ಸೂಜಿಗೆ ದಾರ ಪೋಣಿಸಲಾರಳು, ಔಷಧಿಯ ಮುಚ್ಚಳ ತಿರುಗಿಸಲಾರಳು. ಮಿಕ್ಕಂತೆ ನನಗಿಂತ ಗಟ್ಟಿ. ಹಾಗಿರುವಾಗ ಕಳೆದ ವಾರ ಆಫೀಸಿನಿಂದ ಬಂದು ಹೇಳುತ್ತಾರೆ, ಐದು ನೆರವಾಯಿತು, ಇವರು ಮೂರನೇ ಹಂತಕ್ಕೆ ಬಂದಿದ್ದಾರೆ, ಬರುವ ಸೋಮವಾರ ಮೇಲಿನ ಮಹಡಿಗೆ ಅಂತ.

ಅವಳ ಪಾಲಿನ ದುಡ್ಡು ಮೇಲಿನ ಮಹಡಿಗೆ ಎಷ್ಟು ಕಾಲ ಬರುತ್ತದೆ? ಬೇಗ ಕರಗುತ್ತದೆ. ಕರಗಿದ ಮೇಲೆ? ಅರ್ಜಿ. ನನ್ನ ಕೋಪ ನೆತ್ತಿಗೇರಿತು. ಇದು ಕಳ್ಳತನ, ಬಾಯಿ ಸತ್ತವಳನ್ನು ನೋಡಿ ಬಿಲ್ಲು ಉಬ್ಬಿಸುತ್ತಿದ್ದಾರೆ ಅಂತ ಸೀದಾ ಮೇಡಂ ರೂಮಿಗೆ ನುಗ್ಗಿದೆ. ಬಾಗಿಲಿಗೆ ಹಣೆ ಹೊಡೆಯಿತು, ಅದು ಗಾಜಿನ ಬಾಗಿಲು, ಯಾರು ಹಾಕಿಸಿದರೋ.

ಮೇಡಂ ಶಾಂತವಾಗಿ ಹೇಳಿದರು, ಪ್ರತಿಯೊಂದನ್ನೂ ಅವರನ್ನು ಕೇಳಿಯೇ ಸೇರಿಸಿದ್ದೇವೆ, ಅವರು ಒಪ್ಪಿದ್ದಾರೆ ಅಂತ. ಏನು ಅಂದಳು ಅಂತ ಕೇಳಿದೆ.

"ನೆರವು ಕೊಡಲಾ ಅಂತ ಕೇಳಿದ್ವಿ. ಪರವಾಗಿಲ್ಲ ಅಂದ್ರು."

"ಅದು ಬೇಡ ಅಂತ ಕಣಮ್ಮ."

"ಬೇಡ ಅನ್ನೋದಾದ್ರೆ ಬೇಡ ಅಂತಿದ್ರು. ಪರವಾಗಿಲ್ಲ ಅಂದ್ರೆ ಮಾಡಿ, ತೊಂದರೆ ಇಲ್ಲ ಅಂತ ಅಲ್ವಾ?"

ಸಭಿಕರೇ, ನೀವೇ ಹೇಳಿ. ಯಾವುದು ಸರಿ? ಬಸ್ಸಿನಲ್ಲಿ ಯಾರೋ ಎದ್ದು ಸೀಟು ಕೊಟ್ಟಾಗ ಪರವಾಗಿಲ್ಲ ಅನ್ನುತ್ತೇವೆ, ಕೂರುವುದಿಲ್ಲ. ಇಲ್ಲೇ ಸ್ವಲ್ಪ ಒತ್ತಿಕೊಂಡು ಕೂರಲಾ ಅಂತ ಕೇಳಿದರೂ ಪರವಾಗಿಲ್ಲ ಅನ್ನುತ್ತೇವೆ, ಅವರು ಕೂರುತ್ತಾರೆ. ಬಾಯಲ್ಲಿ ಒಂದೇ ಮಾತು, ತಲೆ ಆಡುವುದರಲ್ಲಿ ವ್ಯತ್ಯಾಸ. ಅವಳಾದರೋ ತಲೆ ತಗ್ಗಿಸಿಯೇ ಮಾತಾಡುವವಳು. ನಾನು ಮೇಜು ಕುಟ್ಟಿ ಹೇಳಿದೆ, ಈ ಒಂದು ಮಾತಿನ ಮೇಲೆ ಇಷ್ಟು ದೊಡ್ಡ ಕಟ್ಟಡ ನಡೆಸುತ್ತಿದ್ದೀರಾ, ಬನ್ನಿ, ನನ್ನೆದುರಿಗೆ ಇನ್ನೊಂದು ಸಲ ಕೇಳಿ ಅಂತ.

ಬಂದರು. ಮೇಡಂ, ಡಾಕ್ಟರು ಇಬ್ಬರೂ. ಮೊದಲಿಂದ ಒಂದೊಂದಾಗಿ ಕೇಳಿದರು. ಮಾತ್ರೆಗೆ ನೆರವು? ಪರವಾಗಿಲ್ಲ. ಸ್ನಾನದ ಮನೆಗೆ? ಪರವಾಗಿಲ್ಲ. ನಾನು ನಡುವೆ ಬಾಯಿ ಹಾಕಿ, ಹಾಗೆಲ್ಲ ಅನ್ನಬೇಡವೇ, ಬೇಕೋ ಬೇಡವೋ, ಎರಡರಲ್ಲಿ ಒಂದು ಹೇಳು ಅಂದೆ. ಅವಳು ನನ್ನ ಕಡೆ ನೋಡಿದಳಂತೆ, ಡಾಕ್ಟರು ಆಮೇಲೆ ಹೇಳಿದರು.

"ಬೇಕು" ಅಂದಳು.

ಎಲ್ಲದಕ್ಕೂ ಬೇಕು. ಐದಕ್ಕೆ ಐದೂ ಬೇಕು. ಮೇಡಂ ನನಗೆ ಏನೂ ಹೇಳದೆ ಎದ್ದು ಹೋದರು, ಅದು ಅವರ ದೊಡ್ಡತನ. ನನಗೆ ಮುಖದ ಮೇಲೆ ತಣ್ಣೀರು ಎರಚಿದ ಹಾಗಾಯಿತು.

ಈಗ ನನ್ನ ಅನುಮಾನ ಎಲ್ಲಿಗೆ ತಿರುಗಿತು ಅಂತ ನಿಮಗೆ ಹೇಳಬೇಕಾಗಿಲ್ಲ. ಇವಳು ಸುಳ್ಳು ಹೇಳುತ್ತಿದ್ದಾಳೆ. ಯಾಕೆ? ಮೇಲಿನ ಮಹಡಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ರೂಮು. ಅಂದರೆ ನನ್ನಿಂದ ದೂರ ಹೋಗಬೇಕಾಗಿದೆ ಇವಳಿಗೆ. ಗೋಡೆ ಬೇಕಾಗಿದೆ. ಬಾಯಿಬಿಟ್ಟು ಹೇಳಲು ಧೈರ್ಯವಿಲ್ಲದೆ ದುಡ್ಡು ಸುರಿದು ಗೋಡೆ ಕಟ್ಟಿಸಿಕೊಳ್ಳುತ್ತಿದ್ದಾಳೆ! ಅವತ್ತು ಅವಳ ಜೊತೆ ಮಾತು ಬಿಟ್ಟೆ. ಅವಳು ನನ್ನ ತಟ್ಟೆಯ ಪಕ್ಕ ಲೋಟ ಇಟ್ಟರೆ ಆ ಕಡೆ ತಳ್ಳಿದೆ. ಉರುಳಿತು. ಒರೆಸಿದಳು.

ನಮ್ಮ ರೂಮಿಗೆ ಬರುವ ಸಹಾಯಕಿಯನ್ನು ನಾವೆಲ್ಲ ಗಡಿಯಾರ ಅಂತ ಕರೆಯುತ್ತೇವೆ. ಗಂಡಸರು ಕಟ್ಟುವಂಥ ಅಗಲವಾದ ಕೈಗಡಿಯಾರ ಕಟ್ಟಿಕೊಂಡು, ಯಾವ ರೂಮಿನಲ್ಲಿ ಎಷ್ಟು ಹೊತ್ತಾಯಿತು ಅಂತ ನೋಡಿಕೊಳ್ಳುತ್ತಾ ಓಡಾಡುವವಳು. ನಮ್ಮ ರೂಮಿಗೆ ಬರುತ್ತಾಳೆ, ಇವಳ ಹತ್ತಿರ ಗುಸುಗುಸು ಮಾತಾಡುತ್ತಾಳೆ, ಹೋಗುತ್ತಾಳೆ. ಆ ಗುಸುಗುಸು ಏನು ಅಂತ ಹಿಡಿಯಲೇಬೇಕು ಅಂದುಕೊಂಡೆ.

ಮಾರನೆಯ ದಿನ ಮಧ್ಯಾಹ್ನ ನನ್ನ ಕಣ್ಣಿಗೆ ಔಷಧಿ ಬಿಡುವ ಹೊತ್ತು. ಅದನ್ನು ನಾನೇ ಬಿಟ್ಟುಕೊಳ್ಳಬಲ್ಲೆ, ತಲೆ ಹಿಂದಕ್ಕೆ ಬಾಗಿಸಿದರೆ ಕತ್ತು ಹಿಡಿಯುತ್ತದೆ ಅಂತ ಓರಗಿತ್ತಿ ಬಿಡುತ್ತಿದ್ದಳು, ಅಷ್ಟೇ. ಮಾತು ಬಿಟ್ಟಿದ್ದರೂ ಔಷಧಿ ಬಿಡಬಾರದಲ್ಲ. ಕುರ್ಚಿಯಲ್ಲಿ ಕೂತು ಮುಖ ಮೇಲೆ ಮಾಡಿದೆ. ಒಂದು ಹನಿ ಬಿತ್ತು. ಇನ್ನೊಂದು ಹನಿ ಬಿತ್ತು. ಆಗ ಹೊಳೆಯಿತು. ಔಷಧಿಯ ಮುಚ್ಚಳ ತಿರುಗಿಸಲಾರದವಳು ಇಷ್ಟು ಗುರಿಯಿಟ್ಟು ಹನಿ ಬಿಡುವುದು ಹೇಗೆ?

ಕೈ ಚಾಚಿ ಆ ಕೈಯನ್ನು ಹಿಡಿದೆ. ಹಿಡಿಯುವುದು ನನಗೆ ಬರುತ್ತದೆ. ಬೆರಳು ನೆಟ್ಟಗಿದ್ದವು. ಮಣಿಕಟ್ಟಿನಲ್ಲಿ ಅಗಲವಾದ ಗಡಿಯಾರ.

ಎಷ್ಟು ದಿನದಿಂದ ಅಂತ ಕೇಳಿದೆ. ಮೂಲೆಯಿಂದ ಓರಗಿತ್ತಿಯ ದನಿ ಬಂತು. "ಬಿಡಕ್ಕ ಅವಳ ಕೈನ. ನಾನೇ ಹೇಳಿದ್ದು."

ಆಮೇಲೆ ಒಂದೊಂದೇ ಹೊರಬಂತು. ಮಾತ್ರೆ ಎಣಿಸಿ ಡಬ್ಬಿಗೆ ಹಾಕುತ್ತಿದ್ದದ್ದು ನನ್ನದು. ಬಟ್ಟೆಯನ್ನು ಒಳಗು ಹೊರಗು ಸರಿಮಾಡಿ, ಮೊದಲು ಹಾಕುವುದು ಮೇಲೆ, ಆಮೇಲೆ ಹಾಕುವುದು ಕೆಳಗೆ ಅಂತ ಜೋಡಿಸುತ್ತಿದ್ದದ್ದು ನನ್ನದು. ನಾನು ಸ್ನಾನಕ್ಕೆ ಹೋದಾಗ ಬಾಗಿಲಾಚೆ ನಿಲ್ಲುತ್ತಿದ್ದದ್ದು ಅವಳೇ. ಊಟದ ಕೋಣೆಗೆ ಇವರಿಬ್ಬರೂ ಮಾತಾಡಿಕೊಂಡು ಮುಂದೆ ಮುಂದೆ ಹೋಗುತ್ತಿದ್ದರು, ಸದ್ದು ಹಿಡಿದು ನಾನು ಹಿಂದೆ ಹೋಗುತ್ತಿದ್ದೆ. ಎಷ್ಟು ಮಾತಾಡುತ್ತಾರಪ್ಪ ಇವರು ಅಂತ ಬೈದುಕೊಳ್ಳುತ್ತಾ ಹೋಗುತ್ತಿದ್ದೆ.

"ನನಗ್ಯಾಕೆ ಹೇಳಲಿಲ್ಲ?" ಅಂದೆ.

"ಹೇಳಿದ್ರೆ ಒಪ್ಪಿರ್ತಿದ್ಯಾ? ಮೊದಲನೇ ಹಂತ ಅಂತ ಊರಿಗೆಲ್ಲ ಸಾರ್ಕೊಂಡು ಬರ್ತಿದ್ದೆ. ಆ ಹೆಮ್ಮೇನ ನಾನ್ಯಾಕೆ ಕಿತ್ಕೊಳ್ಳಲಿ?"

"ಅದಕ್ಕೆ ಮೇಲಿನ ಮಹಡಿಗೆ ಹೋಗ್ತೀಯಾ? ಬುದ್ಧಿ ಇದೆಯೇನೇ ನಿನಗೆ?"

ಅವಳಿಗೆ ಹಂತದ ಲೆಕ್ಕ ತಿಳಿದಿರಲಿಲ್ಲ. ಕೇಳಿದಾಗ ಪರವಾಗಿಲ್ಲ ಅಂದಳು, ಅವರು ಬರೆದುಕೊಂಡರು, ಗಡಿಯಾರ ಬಂದು ಹೋದಳು, ನನಗೆ ಗೊತ್ತಾಗಲಿಲ್ಲ. ಅಷ್ಟು ಸಾಕಾಗಿತ್ತು ಅವಳಿಗೆ. ಸೋಮವಾರ ಹೋಗಬೇಕು ಅಂತ ಹೇಳಿದ ಮೇಲೂ ಡಾಕ್ಟರ ಮುಂದೆ ಬೇಕು ಅಂದಳಲ್ಲ, ಅದೇ ನನಗೆ ಅರ್ಥವಾಗದ್ದು. ಕೇಳಿದೆ. ಬೇಡ ಅಂದಿದ್ದರೆ ಸಹಾಯಕಿ ಬರುವುದು ನಿಂತುಹೋಗುತ್ತಿತ್ತು, ನೀನು ಬೀಳುತ್ತಿದ್ದೆ, ಮೇಲೆ ಹೋದರೂ ಇವಳನ್ನು ಹೇಗೋ ಕಳಿಸಿಕೊಡಬಹುದು ಅಂದುಕೊಂಡೆ ಅಂತ ಹೇಳಿದಳು. ಅಷ್ಟೇ ಹೇಳಿ ಟವಲು ಮಡಚಲು ಕೂತಳು. ನನಗೆ ಅತ್ತುಬಿಡಬೇಕು ಅನ್ನಿಸಿತು, ಬೈದೆ.

ನಾನು ಪಾಲು ಹಂಚುವಾಗ ಅವಳು ಒಂದು ಚಮಚ ಹೆಚ್ಚಿಗೆ ಎತ್ತಿಕೊಂಡಾಳು ಅಂತ ಡಬ್ಬಿ ಡಬ್ಬಿ ಇಣುಕಿದವಳು. ಅವಳು ಮುಚ್ಚಿಟ್ಟುಕೊಂಡದ್ದು ಏನಾದರೂ ಇದ್ದರೆ ಇದೊಂದೇ. ಇದನ್ನು ಹಿಡಿಯಲು ನಾನು ಮುದುಕಿಯಾಗಬೇಕಾಯಿತು.

ಅಧ್ಯಕ್ಷರೇ, ಈಗ ನಾನು ಹೇಳುವುದನ್ನು ಎಲ್ಲರೂ ಕೇಳಿಸಿಕೊಳ್ಳಲಿ. ದೀಪದ ಬೆಳಕಿನದು ತಪ್ಪಲ್ಲ. ಗಾಜಿನ ಬಾಗಿಲಿನದೂ ತಪ್ಪಲ್ಲ. ಕನ್ನಡಕ ರೂಮಿನಲ್ಲಿಲ್ಲ, ಇಲ್ಲೇ ಸೊಂಟದಲ್ಲಿದೆ, ಹಾಕಿಕೊಂಡು ಪ್ರಯೋಜನವಿಲ್ಲ. ನನಗೆ ಕಣ್ಣು ಕಾಣುವುದಿಲ್ಲ. ಬೆಳಕು ಕತ್ತಲೆ ತಿಳಿಯುತ್ತದೆ, ಆಕಾರ ತಿಳಿಯುತ್ತದೆ, ಮುಖ ತಿಳಿಯುವುದಿಲ್ಲ. ಔಷಧಿ ಬಿಡುವುದು ಇದಕ್ಕೆ, ವಾಸಿಯಾಗಲು ಅಲ್ಲ, ಇರುವಷ್ಟು ಉಳಿಯಲಿ ಅಂತ. ಆ ಐದು ನೆರವೂ ನನ್ನವು. ನನಗೆ ಬೇಕು. ಪರವಾಗಿಲ್ಲ ಅಲ್ಲ, ಬೇಕು. ನನ್ನ ಹೆಸರಿಗೆ ಬರೆಯಿರಿ.

ಬರೆಯುವಾಗ ಇನ್ನೊಂದು ವಿಷಯ. ಊಟದ ಕೋಣೆಗೆ ಓರಗಿತ್ತಿಯ ಭುಜ ಹಿಡಿದು ಹೋಗುತ್ತೇನೆ, ಬಟ್ಟೆ ಅವಳು ಜೋಡಿಸುತ್ತಾಳೆ. ಆ ಎರಡು ನಮ್ಮನಮ್ಮಲ್ಲೇ. ಉಳಿಯುವುದು ಔಷಧಿ, ಮಾತ್ರೆ, ಸ್ನಾನದ ಬಾಗಿಲು. ಅಷ್ಟಕ್ಕೆ ನಾನು ಎರಡನೇ ಹಂತ. ಅವಳು ಮೊದಲನೆಯದು. ಇಬ್ಬರಿಗೂ ಕೆಳಗಿನ ಮಹಡಿ, ಅದೇ ರೂಮು. ಇದಕ್ಕೆ ನಿಮ್ಮ ನಿಯಮದಲ್ಲಿ ಅಡ್ಡಿ ಏನಿದೆ ಅಂತ ಡಾಕ್ಟರನ್ನು ಕೇಳಿದೆ, ಇಲ್ಲ ಅಂದರು, ಅಧ್ಯಕ್ಷರು ಒಪ್ಪಬೇಕು ಅಂದರು. ಅದಕ್ಕೇ ನಾನು ಈ ಮೈಕು ಹಿಡಿದದ್ದು. ನಿಮ್ಮ ರೂಮಿನಲ್ಲಿ ಒಬ್ಬಳೇ ಬಂದು ಕೇಳಿದ್ದರೆ ನೋಡೋಣ ಅನ್ನುತ್ತಿದ್ದಿರಿ. ಇಷ್ಟು ಜನರ ಎದುರು ನೋಡೋಣ ಅನ್ನಿ ನೋಡೋಣ.

ಆ ಸಹಾಯಕಿಯನ್ನು ಕೆಲಸದಿಂದ ತೆಗೆಯುತ್ತೇವೆ ಅಂತ ಯಾರಾದರೂ ಯೋಚಿಸುತ್ತಿದ್ದರೆ, ನಾನು ಇನ್ನೂ ಒಂದು ಗಂಟೆ ಮಾತಾಡಬಲ್ಲೆ.

ಏನು ಎಲ್ಲರೂ ಸುಮ್ಮನಾದಿರಿ? ಅಧ್ಯಕ್ಷರು ತಲೆ ಆಡಿಸುತ್ತಿದ್ದಾರಾ? ಸ್ವಾಮಿ, ನೀವು ತಲೆ ಆಡಿಸಿದರೆ ನನಗೆ ಕಾಣುವುದಿಲ್ಲ ಅಂತ ಈಗಷ್ಟೇ ಹೇಳಿದೆ. ಬಾಯಿಬಿಟ್ಟು ಹೇಳಿ. ಹ್ಞಾಂ. ಕೇಳಿಸಿತು. ಹಿಂದಿನ ಸಾಲಿನವರಿಗೂ ಕೇಳಿಸಿತು ತಾನೇ? ಸರಿ. ಆದರೂ ಸೋಮವಾರ ಕಳೆಯುವ ತನಕ ನಾನು ನಂಬುವುದಿಲ್ಲ.

ಮೇಡಂ, ನಿಮ್ಮ ಸನ್ಮಾನದ ದಿನ ನಿಮ್ಮನ್ನು ಕಳ್ಳರು ಅಂತ ಅಂದುಕೊಂಡಿದ್ದನ್ನು ಹೇಳಿದೆ. ಬಿಲ್ಲಿನ ವಿಷಯದಲ್ಲಿ ನೀವು ಕಳ್ಳರಲ್ಲ. ಹಣ್ಣಿನ ಬುಟ್ಟಿಯ ವಿಷಯದಲ್ಲಿ ನಾಳೆ ನೋಡಿ ಹೇಳುತ್ತೇನೆ. ಮಕ್ಕಳೇ, ಸೊಸೆಯರೇ, ಮನೆಗೆ ಹೊರಡುವ ಮೊದಲು ನಿಮ್ಮವರನ್ನು ಏನು ಬೇಕು ಅಂತ ಒಂದು ಸಲ ಕೇಳಿ. ಪರವಾಗಿಲ್ಲ ಅಂದರೆ ಅಲ್ಲಿಗೇ ಬಿಟ್ಟು ಬಸ್ಸು ಹತ್ತಬೇಡಿ, ಇನ್ನೊಂದು ಸಲ ಕೇಳಿ.

ಮಾತಾಡಲು ಬಿಟ್ಟ ಅಧ್ಯಕ್ಷರಿಗೆ, ನಿದ್ದೆ ಮಾಡದ ಅತಿಥಿಗಳಿಗೆ, ನಿದ್ದೆ ಮಾಡಿದ ನನ್ನ ಜೊತೆಯವರಿಗೆ ವಂದನೆಗಳು. ಓರಗಿತ್ತಿಗೆ ವಂದನೆ ಹೇಳುವುದಿಲ್ಲ, ಹೇಳಿದರೆ ಏನು ಅನ್ನುತ್ತಾಳೆ ಅಂತ ನಿಮಗೆಲ್ಲ ಗೊತ್ತು.

ಈಗ ಈ ವೇದಿಕೆಯಿಂದ ಇಳಿಯಬೇಕು. ಮೆಟ್ಟಿಲು ಎಲ್ಲಿ ಮುಗಿಯುತ್ತದೆ ಅಂತ ನನಗೆ ಕಾಣುತ್ತಿಲ್ಲ. ಏ ಗಡಿಯಾರ, ಎಲ್ಲಿದ್ದೀಯೇ? ಬಾ, ಕೈ ಕೊಡು. ಇದನ್ನೂ ನನ್ನ ಹೆಸರಿಗೇ ಬರ್ಕೋ.

ಎಲ್ಲರಿಗೂ ನಮಸ್ಕಾರ.